ಅರ್ಧಕ್ಕೆ ನಿಂತ ‘ಬೇ’

“ಬೇ... ಬೇ...”

ಅವಳ ತುಟಿಗಳು ಅಲ್ಲೇ ಅಂಟಿಕೊಂಡವು. ಪ್ರವಾಸ ಕಚೇರಿಯ ಹೆಂಗಸು ಪೆನ್ನು ಹಿಡಿದು ಕಾಯುತ್ತಿದ್ದಳು.

“ಬೇಕಂತೆ ಮೇಡಂ, ಬುಕ್ ಮಾಡ್ಬಿಡಿ,” ಎಂದ ಪಕ್ಕದಲ್ಲಿ ಕೂತಿದ್ದ ಅವನು, ನಗುತ್ತ.

ಅವಳು ಹೇಳಹೊರಟಿದ್ದು ‘ಬೇಡ’ ಎಂದು.

ಮುಂದಿನ ತಿಂಗಳು ಇಬ್ಬರ ಮದುವೆ. ಮಧುಚಂದ್ರಕ್ಕೆ ಕೆರಿಬಿಯನ್ ಸಮುದ್ರದ ದ್ವೀಪಗಳು. ಮೇಜಿನ ಮೇಲೆ ಹರಡಿದ್ದ ಚಿತ್ರಗಳಲ್ಲಿ ನೀರು ನೀಲಿಯೋ ಹಸಿರೋ ಹೇಳಲಾಗದ ಬಣ್ಣದಲ್ಲಿತ್ತು. ಬೆಳಗ್ಗೆಯವರೆಗೂ ಆ ನೀರಿನ ಮೇಲೆ ಅವಳಿಗೆ ಎಷ್ಟು ಆಸೆಯಿತ್ತು... ಆದರೆ ಈಗಷ್ಟೇ ಅವನು ಆ ಹೆಂಗಸಿಗೆ ದನಿ ತಗ್ಗಿಸಿ ಹೇಳಿದ್ದ:

“ಗಲಾಟೆ ಇರೋ ದೊಡ್ಡ ದ್ವೀಪ ಬೇಡ. ಚಿಕ್ಕದಿರ್ಲಿ, ಜನ ಕಮ್ಮಿ ಇರ್ಲಿ. ಯಾರ ಹತ್ರಾನೂ ಮಾತಾಡೋ ಪ್ರಮೇಯವೇ ಬರಬಾರ್ದು.”

ಹೇಳಿ, ಅವಳತ್ತ ಒಮ್ಮೆ ನೋಡಿದ್ದ.

ಆ ಒಂದು ನೋಟವೇ ಸಾಕಾಯಿತು. ‘ನನ್ನನ್ನು ಬಚ್ಚಿಡೋಕೆ ದ್ವೀಪ ಹುಡುಕ್ತಿದಾನೆ...’

ಅವನು ರೇಡಿಯೊದಲ್ಲಿ ಮಾತಾಡುವವನು. ಕೇಳುಗರೆಲ್ಲ ಪ್ರೀತಿಯಿಂದ ‘ಬಾಯಿಬಡುಕ’ ಎನ್ನುತ್ತಿದ್ದರು. ಪ್ರಸಾರದ ನಡುವೆ ಸದ್ದು ನಿಂತರೆ ಅವನ ಕೆಲಸದಲ್ಲಿ ಅದೇ ದೊಡ್ಡ ತಪ್ಪು. ಅವಳು ಕಟ್ಟುಹಲ್ಲು ಮಾಡುವ ಲ್ಯಾಬಿನವಳು. ಕಂಡವರ ಬಾಯನ್ನೆಲ್ಲ ಸರಿಮಾಡುವವಳಿಗೆ ತನ್ನ ಬಾಯಿ ಮಾತ್ರ ಕೈಕೊಡುತ್ತಿತ್ತು. ಚಿಕ್ಕಂದಿನಿಂದಲೂ ಉಗ್ಗು. ತನ್ನ ಅಜ್ಜಿಯ ಮುರಿದ ಹಲ್ಲುಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಲ್ಯಾಬಿಗೆ ಬಂದ ಮೊದಲ ದಿನವೇ ಅವನು ಅವಳ ಮಾತನ್ನು ತಾನೇ ಮುಗಿಸಿದ್ದ. ಅಂದು ಅದು ಆಸರೆಯಂತೆ ಕಂಡಿತ್ತು.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಅವಳ ಮುಖ ನೋಡಿದಳು.

“ಯಾಕೆ ಹಿಂಗಿದೀಯ? ನಿನ್ ಪರವಾಗಿ ಮಾತಾಡೋ ಗಂಡ ಸಿಕ್ತಿದಾನೆ. ನಿಮ್ ಭಾವ ನನ್ ಮಾತು ಕಿವಿಗೆ ಹಾಕ್ಕೊಂಡೇ ಯಾವ ಕಾಲ ಆಯ್ತೋ. ಇನ್ನೇನ್ ಬೇಕೇ ನಿಂಗೆ?”

“ನಂ... ನಂ...”

“ನಂಬಿಕೆ ತಾನೆ? ಅವ್ನು ಅಂಥೋನಲ್ಲ ಬಿಡು.”

ಅವಳು ಹೇಳಹೊರಟಿದ್ದು ‘ನಂದೇ ಒಂದು ಮಾತು’ ಎಂದು.

ಕೋಣೆಯ ಬಾಗಿಲು ಹಾಕಿ ಅದಕ್ಕೇ ಒರಗಿ ಕುಸಿದಳು. ಅಳು ಕೂಡ ತಡವರಿಸುತ್ತಲೇ ಬಂತು. ಶಾಲೆಯ ಮೇಷ್ಟ್ರು, ಅಕ್ಕ, ಈಗ ಇವನು... ಎಲ್ಲರೂ ಅವಳ ಬಾಯಿಗೆ ತಮ್ಮ ಮಾತು ತುರುಕಿದವರೇ. ‘ಸಾಯೋವಾಗಲೂ ನನ್ನ ಕೊನೇ ಮಾತನ್ನ ಯಾರೋ ತಪ್ಪಾಗಿ ಮುಗಿಸ್ತಾರೆ...’

ಮರುದಿನ ಲ್ಯಾಬಿನಲ್ಲಿ ಮೊಬೈಲ್ ಕೈಗೆತ್ತಿಕೊಂಡಳು. ಬೆರಳುಗಳಿಗೆ ಉಗ್ಗಿರಲಿಲ್ಲ. ‘ನನಗೆ ಈ ಮದುವೆ ಬೇಡ’ ಎಂದು ಕಳಿಸಿ, ದವಡೆಯ ಅಚ್ಚಿಗೆ ಪ್ಲಾಸ್ಟರ್ ಕಲಸತೊಡಗಿದಳು.

ಕಪಾಟಿನ ಮೇಲಿನ ರೇಡಿಯೊದಲ್ಲಿ ಅವನು ಯಾರದೋ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳುತ್ತಿದ್ದ. ನಡುವೆಯೇ ದನಿ ನಿಂತಿತು. ಹಾಡಿಲ್ಲ, ಜಾಹೀರಾತಿಲ್ಲ.

ಹಿರಿಯ ಟೆಕ್ನಿಷಿಯನ್ ಎದ್ದು ಬಂದು ರೇಡಿಯೊಗೆ ಎರಡೇಟು ಕೊಟ್ಟರು. “ಇದರ ಬಾಯಿ ಬಿದ್ದೋಯ್ತೇನಮ್ಮಾ?”

ಅವಳು ತಲೆ ಎತ್ತಲಿಲ್ಲ. ಪ್ಲಾಸ್ಟರಿನೊಳಗೆ ಕಣ್ಣೀರು ಬಿದ್ದಿದ್ದು ಅವರಿಗೆ ಕಾಣಲಿಲ್ಲ.

ಮಧ್ಯಾಹ್ನ ಅವಳು ಮತ್ತೊಂದು ಬಟ್ಟಲು ಪ್ಲಾಸ್ಟರ್ ಕಲಸುತ್ತಿದ್ದಾಗ ಅವನೇ ಬಂದ. ಟೆಕ್ನಿಷಿಯನ್ ಮೆಲ್ಲಗೆ ಹೊರಗೆ ನಡೆದರು. ಸುತ್ತಲೂ ಬಿಳಿ ದವಡೆಗಳ ಅಚ್ಚುಗಳು, ಬಾಯಿ ತೆರೆದು ನೋಡುತ್ತಿದ್ದವು.

“ಯಾಕೆ?” ಎಂದ. ಅಷ್ಟೇ ಕೇಳಿದ.

“ನ... ನನ್ನ ಬ... ಬಚ್ಚ...”

ಅವನ ಬಾಯಿ ತೆರೆಯಿತು. ತಟ್ಟನೆ ತನ್ನ ಅಂಗೈಯಿಂದಲೇ ಅದನ್ನು ಮುಚ್ಚಿಕೊಂಡ.

“...ಬಚ್ಚಿಡೋಕೆ ದ್ವೀಪ ಹು... ಹುಡುಕ್ದೆ.”

“ನಿನ್ನ ಬಚ್ಚಿಡೋಕಲ್ಲ ಕಣೇ... ನನ್ ಬಾಯಿ ಮುಚ್ಚೋಕೆ,” ಎಂದ, ಕೈ ಇಳಿಸಿ. ಊರಿಗೆಲ್ಲ ಗೊತ್ತಿದ್ದ ಆ ದನಿ ಒಡೆದುಹೋಗಿತ್ತು. “ಸದ್ದು ನಿಂತ್ರೆ ನಂಗೆ ಭಯ ಆಗುತ್ತೆ, ಏನಾದ್ರೂ ತುಂಬಿಬಿಡ್ತೀನಿ. ಮಾತೇ ಬೇಕಿಲ್ಲದ ಜಾಗದಲ್ಲಿ ಸುಮ್ನಿರೋದು ಕಲೀಬೇಕು ಅನ್ಕೊಂಡೆ. ನಿನ್ ಒಂದು ಮಾತನ್ನೂ ನಾನು ಪೂರ್ತಿ ಕೇಳಿಲ್ಲ...”

“ನಿನ್ನೆ ನಾನು ಹೇಳ್ತಿದ್ದದ್ದು ಬೇ... ಬೇಡ ಅಂತ.”

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

“ಹಾಗಾದ್ರೆ ನಾನು... ಬೇಕಾ, ಬೇಡ್ವಾ?”

“ಬೇ...”

ತುಟಿಗಳು ಮತ್ತೆ ಅಂಟಿಕೊಂಡವು. ಬಟ್ಟಲಿನಲ್ಲಿ ಪ್ಲಾಸ್ಟರ್ ಗಟ್ಟಿಯಾಗುತ್ತಿತ್ತು. ಹೊರಗೊಂದು ಲಾರಿ ಹಾದುಹೋಗಿ ಅದರ ಸದ್ದೂ ಅಡಗಿತು. ಅವನ ಕಣ್ಣು ತುಂಬಿ ಬಂತು. ಆದರೂ ಅವನು ಏನನ್ನೂ ತುಂಬಲಿಲ್ಲ.

ಆ ಪದದ ಉಳಿದರ್ಧ ಮೊದಲ ಸಲ ಅವಳದೇ ಆಗಿತ್ತು. ಯಾವುದನ್ನು ಬೇಕಾದರೂ ಹೇಳಬಹುದಿತ್ತು.

“...ಕು,” ಎಂದಳು.

ಅವನು ಉಸಿರು ಬಿಟ್ಟಿದ್ದು ಕೇಳಿಸಿತು. ಅವಳ ಪ್ಲಾಸ್ಟರ್ ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡ.

“ಮತ್ತೆ... ದ್ವೀಪ?”

“ಅ... ಅದೂ ಬೇ...” ಎಂದು, ಬೇಕೆಂದೇ ಅಲ್ಲಿಗೆ ನಿಲ್ಲಿಸಿದಳು.

ಅವನು ತುಟಿ ಕಚ್ಚಿಕೊಂಡು ಕಾದ.