ಮುಚ್ಚಿದ ಬಾವಿಯ ಮೇಲೆ ನಿಂತವನು

"ನಾಳೆ ಸಂಜೆಯೊಳಗೆ ಆ ಮುಚ್ಚಿಟ್ಟ ಬಾವಿಯ ನೀರು ಇಲ್ಲಿರಬೇಕು," ಎಂದ ದಳಪತಿ ಎಂಬಾರಕ್. "ದೈದಾ ದಾರಿ ತೋರಿಸ್ತಾನೆ. ಲೆಹ್ಬೀಬ್, ನೀನು ಒಂಟೆ ನೋಡ್ಕೊ."

ಪಶ್ಚಿಮ ಸಹಾರಾದಲ್ಲಿ ಯುದ್ಧ ಶುರುವಾಗಿ ಅದು ಎರಡನೆಯ ವರ್ಷ. ಬಾಂಬಿಗೆ ಹೆದರಿ ಓಡಿಬಂದ ಅರವತ್ತು ಹೆಂಗಸರು, ಮಕ್ಕಳು ಕಣಿವೆಯ ಬಂಡೆಗಳಡಿ ಅಡಗಿದ್ದರು. ಉಳಿದ ನೀರು ಎರಡು ದಿನಕ್ಕೂ ಸಾಲುವಂತಿರಲಿಲ್ಲ.

ಇಪ್ಪತ್ತು ವರ್ಷ ದಾರಿ ತೋರಿಸುತ್ತಾ ಮುಂದೆ ನಡೆದವನಿಗೆ ಈಗ ಒಂಟೆ ಕಾಯುವ ಕೆಲಸ! ಲೆಹ್ಬೀಬನಿಗೆ ಮೈಯೆಲ್ಲ ಉರಿಯಿತು. ಮೊನ್ನೆ ಮೊನ್ನೆ ಬಂದ ದೈದಾ ಮರಳು ಮೂಸಿ ಜಾಗ ಹೇಳುತ್ತಾನಂತೆ. ಸಾಲದ್ದಕ್ಕೆ ಸ್ವಂತ ಹೆಂಡತಿ ಮಿನಾತು ಕೂಡ, "ದೈದಾ ಹೋಗ್ತಾನಲ್ಲ, ಬಿಡು, ನೀರು ಬಂದ ಹಾಗೇ," ಎಂದಿದ್ದಳು.

ಹೊರಡುವಾಗ ದೈದಾ ಕೇಳಿದ: "ಲೆಹ್ಬೀಬಣ್ಣ, ಬಾವಿಗೆ ಗುರುತು ಏನಾದ್ರೂ ಇದೆಯಾ?"

"ಅಂಥಾ ಮೂಗಿರೋವಾಗ ಗುರುತು ಯಾಕಪ್ಪಾ?"

ಗುರುತು ಇತ್ತು, ಅಲ್ಲಿ ಕಾಲಿಟ್ಟರೆ ಮರಳು ಕುಸಿಯುತ್ತದೆ. ಶತ್ರುಗಳಿಗೆ ಸಿಗದಿರಲೆಂದು ಕಳೆದ ಚಳಿಗಾಲದಲ್ಲಿ ಆ ಬಾವಿಯ ಬಾಯಿಗೆ ತೊಗಲು ಹಾಸಿ ಮರಳು ಮುಚ್ಚಿದವನೇ ಲೆಹ್ಬೀಬ್. ಜೊತೆಗಿದ್ದ ಇಬ್ಬರೂ ಆಮೇಲೆ ಬಾಂಬಿಗೆ ಬಲಿಯಾಗಿದ್ದರು; ಗುರುತು ಈಗ ಅವನೊಬ್ಬನಿಗೇ ಗೊತ್ತು.

ಕಪ್ಪು ಜಲ್ಲಿಯ ಬಯಲು ದಾಟಿದರೆ ಮುಂದೆಲ್ಲ ಮರಳೇ. ಗಾಳಿ ದಿಬ್ಬಗಳನ್ನು ಎಲ್ಲೆಲ್ಲಿಗೋ ಸರಿಸಿತ್ತು. ದೈದಾ ಆಗಾಗ ಕೂತು ಹಿಡಿ ಮರಳೆತ್ತಿ ಮೂಸುತ್ತಿದ್ದ. ದಾರಿ ಒಂದಿಷ್ಟೂ ತಪ್ಪಲಿಲ್ಲ. ತಪ್ಪಬಾರದೇ ಎಂದು ಲೆಹ್ಬೀಬ್ ಹಲ್ಲು ಕಡಿದ.

ವಿಮಾನದ ಸದ್ದು.

"ಕೂರ್ಸು!" ಎಂದ ಲೆಹ್ಬೀಬ್.

ಒಂಟೆಗಳು ಮಂಡಿಯೂರಿದವು. ಇಬ್ಬರೂ ಅವುಗಳ ಮೇಲೆ ಮರಳುಬಣ್ಣದ ಗುಡಾರದ ಬಟ್ಟೆ ಎಳೆದು ಒಳಗೆ ನುಸುಳಿದರು. ವಿಮಾನ ಎರಡು ಸುತ್ತು ಹಾಕಿ ಹೋಯಿತು.

ಮಾರನೆಯ ಬೆಳಿಗ್ಗೆ ದೈದಾ ನಿಂತ. "ಇಲ್ಲೇ ಇರಬೇಕು." ಸುತ್ತ ನೋಡಿದ. ಬರೀ ಮರಳು. ಅವನ ಮುಖ ಸಪ್ಪಗಾಯಿತು. "ತಪ್ಪಿದೆ ಕಣಣ್ಣ. ಮುಂದೆ ನೋಡೋಣ."

ಲೆಹ್ಬೀಬನ ಪಾದದಡಿ ಮರಳು ಮೆತ್ತಗೆ ಕುಸಿಯಿತು. ತೊಗಲು! ಅವನು ಅಲ್ಲೇ ನಿಂತ. ಬಾಯಿ ಬಿಡಲಿಲ್ಲ. ಆಮೇಲೆ ದೈದಾನ ಹಿಂದೆ ನಡೆದ. ಅವನ ಬಾಗಿದ ಬೆನ್ನು ನೋಡುತ್ತಾ ನಡೆದ ಆ ನೂರು ಹೆಜ್ಜೆ ಬಹಳ ಸಿಹಿಯಾಗಿದ್ದವು.

ದೈದಾ ತಿರುಗಿ ತನ್ನ ಪಾಲಿನ ಕೊನೆಯ ಗುಟುಕು ನೀರು ಚಾಚಿದ. "ನೀವು ಕುಡೀರಿ. ಇನ್ನು ನೀವೇ ಮುಂದೆ ನಡೀರಿ. ನನ್ ಕೈಲಾಗಲ್ಲ. ಮಿನಾತಕ್ಕನಿಗೆ ಏನು ಮುಖ ತೋರಿಸ್ಲಿ?"

ಬೇಕಾಗಿದ್ದು ಕೈಗೆ ಬಂದಿತ್ತು. ಲೆಹ್ಬೀಬ್ ನೀರನ್ನು ಕುಡಿಯದೆ ಹಿಂದಕ್ಕೆ ಕೊಟ್ಟ. ಮಿನಾತುವಿನ ಒಡೆದ ತುಟಿ ಕಣ್ಣಮುಂದೆ ಬಂತು.

"ವಾಪಸ್ ಬಾ," ಎಂದ ಲೆಹ್ಬೀಬ್. "ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ದೆ ನೀನು."

ಕೈಯಿಂದಲೇ ಬಗೆದರು. ತೊಗಲು ಸರಿಸಿದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಚೀಲಗಳನ್ನೆಲ್ಲ ತುಂಬಿ, ಬಾವಿಯನ್ನು ಮತ್ತೆ ಮುಚ್ಚಿ, ಹೇರಿಕೊಂಡು ಹೊರಟರು.

ಸಂಜೆ ಕಣಿವೆಯಲ್ಲಿ ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಮಿನಾತು ಚಹಾದ ಮೊದಲ ಲೋಟವನ್ನು ದೈದಾನಿಗೇ ಕೊಟ್ಟಳು. ಅವನು ಅದನ್ನು ಲೆಹ್ಬೀಬನತ್ತ ಸರಿಸಿದ. "ಬಾವಿ ಸಿಕ್ಕಿದ್ದು ಅಣ್ಣನ ಕಾಲಿಗೆ."

ಎಲ್ಲರೂ ಆಚೆ ಹೋದ ಮೇಲೆ ಲೆಹ್ಬೀಬ್ ತಲೆ ತಗ್ಗಿಸಿ ಹೇಳಿದ: "ನಂಗೆ ಮೊದಲೇ ಗೊತ್ತಿತ್ತು ಕಣೋ."

"ನಂಗೂ ಗೊತ್ತಾಯ್ತು," ಎಂದ ದೈದಾ. "ಬಾವಿಗೆ ವಾಪಸ್ ಬರೋವಾಗ ನಿಮ್ಮ ಹೆಜ್ಜೆಗುರುತು ನೋಡ್ದೆ. ಬಾವಿ ಮೇಲೆ ಎರಡು ಪಾದವೂ ಆಳಕ್ಕೆ ಇಳಿದಿತ್ತು. ತುಂಬಾ ಹೊತ್ತು ನಿಂತಿದ್ರಿ."

"ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?"

"ತಿರುಗಿ ಬಂದ ಹೆಜ್ಜೆನೂ ಇತ್ತಲ್ಲ."

ಲೆಹ್ಬೀಬ್ ಚಹಾ ಕುಡಿದ. ಇಂಥ ದೊಡ್ಡ ಮನಸ್ಸು ತನಗೆ ಬರಲಿಲ್ಲವಲ್ಲ ಎಂದು ಅವನಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಆದರೆ ಎರಡು ದಿನ ಬಿಟ್ಟು ಇನ್ನೊಮ್ಮೆ ನೀರಿಗೆ ಹೊರಟಾಗ, ಯಾರೂ ಹೇಳುವ ಮೊದಲೇ ಒಂಟೆಗಳ ಹಗ್ಗ ಕೈಗೆ ತೆಗೆದುಕೊಂಡ.