ಹುಲಿಗೆವ್ವನ ಲಾಳಿ

"ಅದಕ್ಕ ಬಾಯಿ ಹಚ್ಚಬ್ಯಾಡವಾ. ಮಾಟದ್ದದು," ಅಂದಳು ಮುದುಕಿ ನಾಗವ್ವ, ಗ್ವಾಡಿ ಮ್ಯಾಲಿನ ಲಾಳಿ ತೋರಿಸಿ.

ಸ್ನೇಹಲ್ ಫಕ್ಕನ ನಕ್ಕಳು. ನಗಲಾರದ ಏನ್ ಮಾಡ್ತಾಳ? ಹದಿನೆಂಟು ದಿನ ಮಿಲ್ಲು ಕೆಲಸಗಾರರ ಆ ಚಾಳು ತಿರುಗಿದ್ದಕ್ಕ ಮಿಲ್ಲಿನ ಬಗ್ಗೆ ಸಿಕ್ಕ ಮೊದಲನೇ ಮಾತು ಇದು.

ಪುಣೆದಾಗ ಹತ್ತಿ ಮಿಲ್ಲೊಂದು ಮುಚ್ಚಿ, ಆ ಜಾಗಾದಾಗ ಮಾಲ್ ಎದ್ದಿತ್ತು. ಮಾಲಿನ ಮೂಲ್ಯಾಗ ಮಿಲ್ಲಿನ ಇತಿಹಾಸ ತೋರಿಸೋ ಖೋಲಿ ಮಾಡೋ ಕೆಲಸ ಅದೇ ಊರಿನ ಬಿಬವೇವಾಡಿಯ ಸ್ನೇಹಲ್‌ದು. ಸೋಮವಾರದೊಳಗ ಹಳೇ ನೇಕಾರರು ಒಬ್ಬರಾದ್ರೂ ವಿಡಿಯೋದಾಗ ಮಾತಾಡಬೇಕು, ಇಲ್ಲಾಂದ್ರ ಕೆಲಸ ಬ್ಯಾರೆಯವರಿಗೆ. ಈ ಚಾಳಿನ ಮಂದೀನೋ, ಸೊಸಿ ಜಗಳ ಹೇಳ್ತಾರ, ಮೊಣಕಾಲ ನೋವು ಹೇಳ್ತಾರ, ಮಿಲ್ಲು ಅಂದ್ರ ಸಾಕು, "ಚಹಾ ಕುಡೀತಿಯೇನವಾ?" ಅಂತಾರ. ಆಕಿ ಕುಡಿದ ಚಹಾದಾಗ ಒಂದು ಎಮ್ಮಿ ಈಜಾಡಬಹುದಿತ್ತು.

ನಾಗವ್ವನ ಗ್ವಾಡಿಗೆ ಮಗ್ಗದಾಗ ನೂಲು ಹಾಯಿಸೋ ಮೊಳದುದ್ದದ ಕಟ್ಟಿಗಿ ಲಾಳಿ ನೇತಾಡತಿತ್ತು, ಮ್ಯಾಲ ಒಣಗಿದ ಲಿಂಬಿಹಣ್ಣು, ಕುಂಕುಮ. ಹಿಂದಕ ನೇಕಾರರು ಲಾಳಿ ತೂತಿಗೆ ಬಾಯಿ ಹಚ್ಚಿ, ಉಸಿರೆಳದು ನೂಲು ಹೊರಗ ತಗೀತಿದ್ರಂತ.

"ಯಾರ ಲಾಳಿರಿ ಇದು?"

"ಹುಲಿಗೆವ್ವಂದು." ಮುಂದ ಸೆರಗು ಬಾಯಿಗೆ ಹೋತು.

ಸ್ನೇಹಲ್‌ಗ ರೇಗಿತು. "ನೀವು ಹೇಳಬ್ಯಾಡ್ರಿ. ನಾನ ಮಾಡಿ ತೋರಿಸ್ತೀನಿ." ಮೊಬೈಲ್ ಚಾಲೂ ಮಾಡಿ ಕಿಡಕ್ಯಾಗ ನಿಲ್ಲಿಸಿದಳು. ಲಾಳಿ ಇಳಿಸಿ ತುಟಿಗೆ ಹಚ್ಚಿ ಜೋರ ಎಳದಳು.

ಮಶೀನಿನ ಎಣ್ಣಿ ವಾಸನಿ. ಹಸೀ ಹತ್ತಿ ವಾಸನಿ. ನಡುಮಧ್ಯಾಹ್ನ ಖೋಲಿ ಕತ್ತಲಾತು. ಖಟ್ ಖಟ್ ಖಟ್. ನೆಲದ ಕೆಳಗ ಸಾವಿರ ಮಗ್ಗ. ನಾಲಿಗಿಗೆ ನೂಲು ತಾಗಿತು. ಲಾಳ್ಯಾಗ ನೂಲ ಇರಲಿಲ್ಲ. ಎಳದಳು. ಬಂತು. ಮತ್ತೂ ಬಂತು. ಲಾಳಿಂದಲ್ಲ. ಆಕಿ ಗಂಟಲಿಂದ.

ಎಳದ ಒಂದೊಂದು ಮೊಳಕ್ಕ ಕಣ್ಣ ಮುಂದ ಒಂದೊಂದು ಸಂಗತಿ. ಮಿಲ್ಲಿನವರು ಕೆಲಸ ನಿಲ್ಲಿಸಿ ಸಂಪು ಹೂಡಿದ ವರ್ಷ. ಗೋದಾಮಿಗೆ ಬೆಂಕಿ. ಹಚ್ಚಿದವರು ಮಾಲಕನ ಮಂದಿ. ಚಾಳಿನವರೆಲ್ಲಾ ಸಾಲಾಗಿ ನಿಂತು, ಇದೇ ಲಾಳಿಗೆ ತುಟಿ ಹಚ್ಚಿ, ಸಂಪಿನ ಮುಂದಾಳು ಹುಲಿಗೆವ್ವನೇ ಹಚ್ಚ್ಯಾಳ ಅಂತ ಸುಳ್ಳು ಆಣಿ ಮಾಡಿದ್ರು. ಅದಕ್ಕ ಮಾಲಕ ಕೊಟ್ಟದ್ದು ಈ ಖೋಲಿಗೋಳು. ಪೊಲೀಸರು ಎಳಕೊಂಡು ಹೊಂಟಾಗ ಹುಲಿಗೆವ್ವ ತನ್ನ ಕೂದಲ ಕಿತ್ತು ಆ ಲಾಳಿಗೆ ಸುತ್ತಿದಳು. "ಇದಕ್ಕ ಬಾಯಿ ಹಚ್ಚಿದವರಿಗೆ ಖರೇ ಗೊತ್ತಿರಲಿ. ಹೇಳಾಕ ಮಾತ್ರ ಬರಬಾರದು."

ನೂಲು ಹರೀಲಿಲ್ಲ. ಸರ್ರನ ತಿರುಗಿ ಒಳಗ ಹೋಗಿ ನಾಲಿಗಿ ಬುಡಕ್ಕ ಗಂಟು ಬಿತ್ತು.

ನಾಗವ್ವ ಸೆರಗು ಸರಿಸಿ ಬಾಯಿ ತಗದು ತೋರಿಸಿದಳು. ಅಲ್ಲೂ ಗಂಟಿತ್ತು, ನಲವತ್ತು ವರ್ಷದ್ದು, ಕರ್ರಗ.

ವಿಡಿಯೋದಾಗ ಬರೇ ಖಟ್ ಖಟ್ ಸದ್ದು. ಬರೀಲಿಕ್ಕೆ ಕುಂತ್ರ ಬೆರಳಿಗೂ ನೂಲು ಸುತ್ತತಿತ್ತು. ಸೋಮವಾರ ಮಾಲಿನ ಸಾಹೇಬ ಎದುರಿಗೆ ಕುಂತು, ಮಿಲ್ಲಿನ ಕತಿ ಏನರೆ ಸಿಕ್ತೇನು ಅಂತ ಕೇಳಿದ. ಸ್ನೇಹಲ್‌ಗ ಎಲ್ಲಾ ಗೊತ್ತಿತ್ತು, ಹೆಸರು ಸಹಿತ. ಬಾಯಿ ತಗದಳು. ಗಂಟು ಬಿಗೀತು. ಕಣ್ಣಾಗ ನೀರು ಬಂತು.

"ಚಹಾ ಕುಡೀತೀರೇನ್ರಿ?" ಅಂದಳು.