ಅತ್ತಾಗ ತೆಗೆಯದ ಬಾಗಿಲು

"ಬಾಗಿಲು ತೆಗೀರಿ! ಯಾರಿದ್ದೀರ ಒಳಗೆ? ಮೊದಲು ಬಾಗಿಲು ತೆಗೀರಿ!"

ಕದ ಕಿತ್ತು ಬರುವ ಹಾಗೆ ಬಡಿತ.

ಅವಳು ಅಡುಗೆಮನೆಯ ನೆಲದ ಮೇಲೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ನಡುಮನೆಯಲ್ಲಿ ಎರಡು ತಿಂಗಳ ನಾಯಿಮರಿ ಊರಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಅದಕ್ಕೆ ಒಂಟಿಯಾಗಿರುವುದನ್ನು ಕಲಿಸುವ ಮೊದಲ ದಿನ. 'ಅತ್ತಾಗ ಹೋಗಬೇಡಿ, ಸುಮ್ಮನಾದ ಮೇಲೆ ಹೋಗಿ. ಅಷ್ಟೇ ಪಾಠ' ಅಂದಿದ್ದರು ಪ್ರಾಣಿಗಳ ಡಾಕ್ಟರಮ್ಮ. ಹೇಳುವುದಕ್ಕೇನು! ಹದಿನೇಳು ನಿಮಿಷದಿಂದ ಇವಳು ಒಂದೊಂದೇ ನಿಮಿಷ ಎಣಿಸುತ್ತಿದ್ದಳು.

ಎದ್ದು ಬಾಗಿಲು ತೆಗೆದಳು. ಕೆಂಗಣ್ಣು, ಕೆದರಿದ ಕೂದಲು, ಮೊಣಕೈವರೆಗೆ ಮೈದಾ ಹಿಟ್ಟು. ಕೆಳಗಿನ ಕೋಣೆಯ ಬೇಕರಿಯವನು. ಬೆಳಗಿನ ಜಾವ ಒಲೆ ಹಚ್ಚಿ, ಬಿಸಿಲೇರಿದ ಮೇಲೆ ಮಲಗುವವನು ಅಂತ ಮಾತ್ರ ಗೊತ್ತಿತ್ತು.

"ಏನ್ರೀ ಮಾಡ್ತಿದ್ದೀರ ಆ ಮರಿಗೆ? ಹೊಡೀತಿದ್ದೀರಾ?"

"ಹೊಡೆಯೋದಾ? ತರಬೇತಿ ಕೊಡ್ತಿದ್ದೀನಿ!"

"ಅಳಿಸೋದು ತರಬೇತಿನಾ? ಕಲ್ಲು ಹೃದಯ ಕಣ್ರೀ ನಿಮ್ದು!"

ಅಷ್ಟರಲ್ಲಿ ಮರಿ ಅವನ ಪಾದದ ಮೇಲೆ ಕೂತು, ನನ್ನ ಪರ ವಾದ ಮಾಡೋಕೆ ಒಬ್ಬರಾದರೂ ಬಂದರಲ್ಲ ಎನ್ನುವ ಮುಖ ಮಾಡಿತ್ತು.

"ನಿದ್ದೆ ಕೆಟ್ಟಿದ್ರೆ ಅದನ್ನ ಹೇಳಿ. ನನ್ನ ಹೃದಯದ ಉಸಾಬರಿ ನಿಮಗ್ಯಾಕೆ?"

ಮರಿಯನ್ನು ಎತ್ತಿಕೊಂಡು ಅವನ ಮುಖದ ಮೇಲೇ ಬಾಗಿಲು ಹಾಕಿದಳು. ಹಾಕಿದ ಮೇಲೆ ಅತ್ತಳು. ಕಲ್ಲಂತೆ... ಕಲ್ಲು!

ಅವಳಿಗೆ ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ಉದ್ದ ಗಿಡ್ಡ ಸರಿಮಾಡಿ ಹೊಲಿಯುವ ಕೆಲಸ. ಒಂಬತ್ತರಿಂದ ಒಂದರವರೆಗೆ ಅಂಗಡಿ, ಆಮೇಲೆ ಮನೆಯಲ್ಲೇ ಮಿಷನ್ನು. ಎರಡು ವರ್ಷದ ಹಿಂದೆ ಗೊತ್ತಾಗಿದ್ದ ಮದುವೆ ಮುರಿದಿತ್ತು. ಆಮೇಲೆ ಎರಡು ಕೆಲಸ, ಮೂರು ಮನೆ ಬದಲಾದವು. "ನಿನ್ನ ಹತ್ರ ಯಾವುದೂ ನಿಲ್ಲಲ್ಲ ಕಣೇ" ಎನ್ನುವುದು ಅಕ್ಕನ ದಿನನಿತ್ಯದ ಮಂಗಳಾರತಿ. ಆ ಮಾತಿಗೆ ಹಟ ಹಿಡಿದೇ ಮರಿ ತಂದಿದ್ದಳು. ಗುಂಡಗಿತ್ತು, ಬಟಾಣಿ ಅಂತ ಕರೆದಳು. ಇದೊಂದಾದರೂ ನನ್ನ ಹತ್ರ ಉಳಿಯಲಿ ಎನ್ನುವುದಷ್ಟೇ ಅವಳ ಆಸೆ.

ಅವತ್ತೇ ಸಂಜೆ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು.

"ನೋಡಮ್ಮ, ಶನಿವಾರದವರೆಗೆ ಟೈಮು. ನೀನು ಇಲ್ಲದಾಗ ಅದು ಸುಮ್ಮನಿರೋದು ಕಲೀಬೇಕು. ಇಲ್ಲಾಂದ್ರೆ ಮರಿ ಇಲ್ಲಿರೋ ಹಾಗಿಲ್ಲ."

ಅಕ್ಕ ಫೋನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. "ಶನಿವಾರ ನಾನೇ ಕಾರು ತಗೊಂಡು ಬರ್ತೀನಿ ಬಿಡು. ನಿಮ್ಮ ಭಾವನ ಸ್ನೇಹಿತರಿಗೆ ಮರಿ ಬೇಕಂತೆ."

ದೂರು ಕೊಟ್ಟಿದ್ದು ಯಾರು? ಇನ್ನು ಯಾರು! ಎದುರಿಗೆ ದಯೆಯ ಮಾತು, ಹಿಂದೆ ಚಾಡಿ. ಅವನ ಮುಖ ನೋಡಬಾರದು ಅಂತ ಅವಳು ನಿರ್ಧರಿಸಿಬಿಟ್ಟಳು.

ಸೋಮವಾರದಿಂದ ಪಾಠ ಜೋರಾಯಿತು. ಹತ್ತು ಸೆಕೆಂಡು ಆಚೆ ಹೋಗಿ ಬರುವುದು, ಆಮೇಲೆ ಅರ್ಧ ನಿಮಿಷ, ಆಮೇಲೆ ಐದು. ಅವಳು ಮನೆಯಲ್ಲಿದ್ದಾಗ ಬಟಾಣಿ ಜಾಣ ಮರಿ. ಪೇಪರಿನ ಮೇಲೇ ಉಚ್ಚೆ ಹೊಯ್ಯುವುದನ್ನೂ ಕಲಿಯಿತು. ಆದರೆ ಅವಳು ಅಂಗಡಿಗೆ ಹೋದರೆ ಮುಗಿಯಿತು! "ಇವತ್ತು ನಿನ್ನೆಗಿಂತ ಜಾಸ್ತಿ ಅತ್ತಿದೆ" ಎಂದು ಆಂಟಿ ದಿನವೂ ವರದಿ ಒಪ್ಪಿಸುತ್ತಿದ್ದರು.

'ಎಲ್ಲಿ ತಪ್ತಿದ್ದೀನಿ? ಹೇಳಿದ್ದನ್ನೆಲ್ಲ ಮಾಡ್ತಿದ್ದೀನಲ್ಲ...'

ಬುಧವಾರ ಡಾಕ್ಟರಮ್ಮನಿಗೆ ಫೋನು ಮಾಡಿದಳು. "ಹಳೇ ಮೊಬೈಲ್ ಇದ್ರೆ ರೆಕಾರ್ಡಿಂಗ್‌ಗೆ ಹಾಕಿ ಬಾಗಿಲ ಹತ್ರ ಇಟ್ಟು ಹೋಗಿ. ಯಾವಾಗ ಅಳುತ್ತೆ, ಹೇಗೆ ಅಳುತ್ತೆ, ಕೇಳೋಣ" ಅಂದರು.

ಗುರುವಾರ ಇಟ್ಟು ಹೋದಳು. ಒಂದು ಗಂಟೆಗೆ ಬಂದು ಬಾಗಿಲು ತೆಗೆದರೆ ಅಳು ಇಲ್ಲ, ಕುಣಿತವಿಲ್ಲ. ಬಟಾಣಿ ವಾಂತಿ ಮಾಡಿಕೊಂಡು ಮಲಗಿತ್ತು. ಕರೆದರೆ ತಲೆಯನ್ನೂ ಎತ್ತಲಿಲ್ಲ.

ಕೈಗೆ ಸಿಕ್ಕಿದ ಟವೆಲಿನಲ್ಲಿ ಸುತ್ತಿ, ಬಾಗಿಲ ಹತ್ತಿರ ಇಟ್ಟಿದ್ದ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು ಓಡಿದಳು. ಮೆಟ್ಟಿಲ ಕೆಳಗೆ ಅವನು ಎದುರಾದ.

"ಏನಾಯ್ತು?"

ಅವಳು ಟವೆಲು ಸರಿಸಿ ತೋರಿಸಿದಳು. ಟವೆಲಿನೊಳಗೆ ನೋಡಿದ ಅವನ ಮುಖ ಬಿಳಿಚಿಕೊಂಡಿತು. "ಸ್ಕೂಟರ್ ಹತ್ತಿ!"

ಹತ್ತಿದಳು. ಜಗಳಕ್ಕೆ ಅದು ಸಮಯವಲ್ಲ.

ಡಾಕ್ಟರಮ್ಮ ಟವೆಲಿಗೆ ಅಂಟಿದ್ದ ವಾಂತಿಯನ್ನು ಕಡ್ಡಿಯಿಂದ ಕೆದಕಿ ನೋಡಿದರು. "ಒಣದ್ರಾಕ್ಷಿ! ನಾಯಿಗಳಿಗೆ ಇದು ವಿಷ, ಗೊತ್ತಿಲ್ವಾ? ಕಿಡ್ನಿಗೇ ಹೊಡೆತ. ಯಾರು ಕೊಟ್ರು?"

"ನಮ್ಮನೇಲಿ ದ್ರಾಕ್ಷಿನೇ ಇಲ್ಲ ಡಾಕ್ಟ್ರೇ..."

"ತಿಂದು ಎಷ್ಟು ಹೊತ್ತಾಯ್ತು? ಅದರ ಮೇಲೆ ಚಿಕಿತ್ಸೆ."

ಅವಳು ಚೀಲದಿಂದ ಮೊಬೈಲ್ ತೆಗೆದು ರೆಕಾರ್ಡಿಂಗ್ ಓಡಿಸಿದಳು. ಅಳು... ಅಳು... ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಬಾಗಿಲ ಕೆಳಗಿನ ಸಂದಿಯ ಹತ್ತಿರ ಕಾಗದ ಬಿಚ್ಚುವ ಸದ್ದು. ಆಮೇಲೆ ಒಂದು ದನಿ.

"ಬಂದೆ ಕಣೋ, ಬಂದೆ... ಅಳಬೇಡ. ಇವತ್ತು ರಸ್ಕ್ ಖಾಲಿ, ಬನ್ನು ತಿನ್ನು."

ಆ ದನಿಯವನು ಅವಳ ಪಕ್ಕದಲ್ಲೇ ನಿಂತಿದ್ದ!

"ನೀವಾ?" ಅವಳ ದನಿ ಚೂರಾಯಿತು. "ನಿಮ್ಮ ನಿದ್ದೆಗೋಸ್ಕರ... ಒಂದು ಜೀವಕ್ಕೆ ವಿಷ ಹಾಕಿದ್ರಾ?"

ಅವನು ಡಾಕ್ಟರಮ್ಮನ ಕಡೆ ತಿರುಗಿದ.

"ಹನ್ನೊಂದೂವರೆಗೆ ಕೊಟ್ಟೆ ಮೇಡಂ. ಅರ್ಧ ಬನ್ನು. ನನ್ನ ಕೈಯಾರೆ ಮಾಡಿದ್ದು, ಒಂದು ಬನ್ನಿಗೆ ಆರೇ ದ್ರಾಕ್ಷಿ ಇಡ್ತೀನಿ, ಈ ಕಡೆ ಮೂರು, ಆ ಕಡೆ ಮೂರು. ಇದರ ಹೊಟ್ಟೆಗೆ ಹೋಗಿದ್ದು ಮೂರು."

"ಒಂದು ಹೊರಗೆ ಬಂದಿದೆ. ಇನ್ನೆರಡು ಒಳಗಿದೆ. ತಿಂದು ಎರಡು ತಾಸು ಇನ್ನೂ ಆಗಿಲ್ಲ, ವಾಂತಿ ಮಾಡಿಸಬಹುದು..." ಡಾಕ್ಟರಮ್ಮ ಸೂಜಿ ಕೈಗೆತ್ತಿಕೊಂಡರು. "ಇಬ್ಬರೂ ಆಚೆ ಇರಿ."

ಆಚೆ ಒಂದೇ ಬೆಂಚು. ಅವಳು ಒಂದು ತುದಿಗೆ ಕೂತಳು. ಅವನು ಕೂರಲೇ ಇಲ್ಲ. ಒಳಗಿನಿಂದ ಬಟಾಣಿ ಕಕ್ಕುವ ಸದ್ದು ಬಂದಾಗಲೆಲ್ಲ ಗೋಡೆಗೆ ಹಣೆ ಒತ್ತುತ್ತಿದ್ದ.

"ಎರಡನೇದು ಬಂತು!" ಡಾಕ್ಟರಮ್ಮನ ಕೂಗು.

ಐದು ನಿಮಿಷ... ಹತ್ತು...

"ಮೂರನೇದೂ ಬಂತು!"

ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಬರಬೇಡಿ! ಇನ್ನು ಮೇಲೆ ನಿಮ್ಮ ಮುಖ ತೋರಿಸಬೇಡಿ ನನಗೆ."

ಅವನು ನಿಂತಲ್ಲೇ ನಿಂತ. ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ ಡಾಕ್ಟರಮ್ಮ ಅವನನ್ನೇ ದಿಟ್ಟಿಸಿದರು. "ದಿನಾ ಕೊಡ್ತಿದ್ರಾ? ಅತ್ತ ಕೂಡ್ಲೇ?"

ತಲೆ ಆಡಿಸಿದ.

"ಅತ್ತರೆ ತಿಂಡಿ ಬರುತ್ತೆ, ಮಾತಾಡೋಕೆ ಜನ ಬರ್ತಾರೆ ಅಂತ ನೀವೇ ಕಲಿಸಿಬಿಟ್ರಿ. ಇವರು ಕಲಿಸಿದ್ದನ್ನೆಲ್ಲ ನೀವು ಬಾಗಿಲಾಚೆ ಕೂತು ಅಳಿಸಿಹಾಕಿದ್ರಿ."

ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ.

ಎರಡು ದಿನ ಡ್ರಿಪ್ಪು, ರಕ್ತಪರೀಕ್ಷೆ. ಕಿಡ್ನಿಗೆ ಏನೂ ಆಗಿಲ್ಲ ಅಂತ ಶನಿವಾರ ಬೆಳಿಗ್ಗೆ ಗೊತ್ತಾಯಿತು. ಮರಿಯನ್ನು ಮನೆಗೆ ತಂದು ಮಲಗಿಸಿದ ಮೇಲೆ ಅವಳು ಆ ರೆಕಾರ್ಡಿಂಗನ್ನು ಮತ್ತೆ ಹಾಕಿದಳು. ಅವನ ಮೇಲಿನ ಸಿಟ್ಟು ಆರಬಾರದು ಅಂತಲೇ ಹಾಕಿದ್ದು! ಹೆಣ್ಣಿನ ಹಟ ಅಂತ ನಗಬೇಡಿ, ಪ್ರೀತಿ ಬಾಗಿಲಿಗೆ ಬಂದಾಗ ಎಲ್ಲರೂ ಮೊದಲು ಹುಡುಕುವುದು ಅಗುಳಿಯನ್ನೇ.

ಬನ್ನು ತಿನ್ನುವ ಸದ್ದಿನ ನಂತರ ಅವನು ಮಾತಾಡಿದ್ದ.

"ನಿಮ್ಮಮ್ಮ ಒಂದು ಗಂಟೆಗೆ ಬರ್ತಾರೆ, ಆಯ್ತಾ? ಒಳ್ಳೆಯವರು ಕಣೋ. ನಾನೇ ಕಲ್ಲು ಹೃದಯ ಅಂದುಬಿಟ್ಟೆ. ಬಾಗಿಲು ಹಾಕಿಕೊಂಡು ಅತ್ತರು, ಮೆಟ್ಟಿಲವರೆಗೂ ಕೇಳಿಸ್ತು. ಕ್ಷಮೆ ಕೇಳೋಣ ಅಂತ ಮೂರು ಸಲ ಬಂದು ವಾಪಸ್ ಹೋದೆ. ನಿನ್ನ ಜೊತೆ ಆದ್ರೆ ಮಾತು ಬರುತ್ತೆ. ಅವರ ಮುಂದೆ... ಅವರು ನೋಡಿದ್ರೆ ಎಲ್ಲಾ ಮರೆತುಹೋಗುತ್ತೆ ಕಣೋ."

ಅಲ್ಲಿಗೆ ಅವನ ಮಾತು ಮುಗಿದಿತ್ತು. ಅವಳ ಅಳುವಿಗೆ ಈವರೆಗೆ ಯಾರೂ ಮೆಟ್ಟಿಲು ಹತ್ತಿ ಬಂದಿರಲಿಲ್ಲ.

ಆಗಲೇ ಆಂಟಿ, ಅವರ ಹಿಂದೆ ಕಾರಿನ ಕೀ ಆಡಿಸುತ್ತಾ ಅಕ್ಕ, ಇಬ್ಬರೂ ಬಂದರು. ಅವರ ಬೆನ್ನಿಗೇ ಅವನು. ಕೈಯಲ್ಲಿ ಕೋಣೆಯ ಬೀಗದ ಕೈ.

"ಆಂಟಿ, ಮರಿ ಕೆಟ್ಟಿದ್ದು ನನ್ನಿಂದ. ನಾನು ಕೋಣೆ ಖಾಲಿ ಮಾಡ್ತೀನಿ. ನಾನಿಲ್ಲದೆ ಇದ್ರೆ ಅದು ಕಲಿಯುತ್ತೆ. ಮರಿ ಇರಲಿ."

"ನೀನ್ಯಾಕಪ್ಪ ಹೋಗ್ತೀಯ?"

"ದೂರು ಕೊಟ್ಟಿದ್ದೇ ಇವರಲ್ವಾ ಆಂಟಿ?" ಅವಳ ಬಾಯಿಂದ ಬಂದುಬಿಟ್ಟಿತು.

"ಇವನಾ? ಆ ಅಳು ಕೇಳೋಕೆ ನನಗೆ ಕಿವಿ ಇಲ್ವಾ? ಮರೀನ ಕಳಿಸಬೇಡಿ ಅಂತ ದಿನಾ ನನ್ನ ತಲೆ ತಿಂದವನು ಇವನು!"

ಅವಳು ಅವನನ್ನು ನೋಡಿದಳು. ಅವನು ನೆಲ ನೋಡಿದ.

"ಯಾರೂ ಖಾಲಿ ಮಾಡೋದು ಬೇಡ" ಎಂದಳು, ದನಿ ಗಟ್ಟಿಮಾಡಿಕೊಂಡು. "ಈಗಲೇ ನೋಡಿಬಿಡೋಣ ಆಂಟಿ. ಎಲ್ಲರೂ ಆಚೆ ನಿಲ್ಲೋಣ. ಅದು ತಾನಾಗಿ ಸುಮ್ಮನಾದ್ರೆ ಇಲ್ಲೇ ಇರುತ್ತೆ. ಆಗದಿದ್ರೆ... ಅಕ್ಕ ಕರ್ಕೊಂಡು ಹೋಗಲಿ."

ಬಾಗಿಲು ಹಾಕಿದಳು. ನಾಲ್ವರೂ ಮೆಟ್ಟಿಲ ಮೇಲೆ ನಿಂತರು.

ಅಳು ಶುರುವಾಯಿತು. ಬಾಗಿಲ ಸಂದಿಯಲ್ಲಿ ಕಪ್ಪು ಮೂಗು ಕಾಣಿಸಿಕೊಂಡಿತು. ಅವನ ವಾಸನೆ ಸಿಕ್ಕಿದ್ದೇ ತಡ, ಅಳು ಇಮ್ಮಡಿಯಾಯಿತು! ಅವನ ಕಾಲು ತಾನಾಗಿ ಮುಂದೆ ಹೋಯಿತು. ಅವಳು ಅವನ ಮಣಿಕಟ್ಟು ಹಿಡಿದಳು.

ಬೇಡ ಎಂದು ತಲೆ ಅಲ್ಲಾಡಿಸಿದಳು.

ಐದು ನಿಮಿಷ. ಅಕ್ಕ ಗಡಿಯಾರ ನೋಡಿದಳು. ಎಂಟು ನಿಮಿಷ. ಆಂಟಿ ನಿಟ್ಟುಸಿರಿಟ್ಟರು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡಿಸಿಕೊಳ್ಳಲಿಲ್ಲ. ಹನ್ನೊಂದು ನಿಮಿಷ. ಅಳು ಕುಂಯ್‌ಕುಂಯ್ ಆಯಿತು... ತಡೆತಡೆದು ಬಂತು... ನಿಂತಿತು.

ಅವಳು ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ ಬಾಗಿಲು ತೆಗೆದಳು. ಬಟಾಣಿ ಹಾಸಿದ್ದ ಟವೆಲಿನ ಮೇಲೆ ಸುಮ್ಮನೆ ಕೂತು ಬಾಲ ಅಲ್ಲಾಡಿಸುತ್ತಿತ್ತು.

ಅಕ್ಕ ಒಮ್ಮೆ ಮರಿಯನ್ನು, ಒಮ್ಮೆ ತಂಗಿ ಇನ್ನೂ ಬಿಡದ ಆ ಕೈಯನ್ನು ನೋಡಿ, ಕೀಯನ್ನು ಚೀಲಕ್ಕೆ ಹಾಕಿದಳು. "ಬನ್ನಿ ಆಂಟಿ, ಕೆಳಗೆ ಹೋಗೋಣ. ಇಲ್ಲಿ ನಮಗೇನು ಕೆಲಸ?"

ಅವರ ಹೆಜ್ಜೆ ಸದ್ದು ದೂರವಾದ ಮೇಲೆ ಅವನು ಮೆಲ್ಲಗೆ ಕೇಳಿದ.

"ನನ್ನನ್ನ ಕ್ಷಮಿಸ್ತೀರಾ?"

"ರೆಕಾರ್ಡಿಂಗ್ ಪೂರ್ತಿ ಕೇಳಿದೆ."

"ಅಯ್ಯೋ... ಪೂರ್ತಿನಾ?"

"ಮರಿಗೆ ಹೇಳಿದ್ದನ್ನ ನನಗೂ ಹೇಳಿ."

ಅವನ ಕಿವಿ ಕೆಂಪಾಯಿತು. "ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಆದ್ರೆ ನನ್ನ ಪ್ರೀತಿ ಹೇಗಿರುತ್ತೆ ಅಂತ ನೋಡಿದ್ರಲ್ಲ... ಒಂದು ಜೀವಾನೇ ಹೋಗ್ತಿತ್ತು."

"ಇನ್ನು ಮೇಲೆ ನನ್ನ ಕೇಳಿ ಪ್ರೀತಿ ಮಾಡಿ" ಎಂದಳು, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ.

"ಆಯ್ತು, ಕೇಳ್ತೀನಿ. ಅತ್ತಾಗ ಬರಬಾರದು, ಸುಮ್ಮನಾದ ಮೇಲೆ ಬರಬೇಕು. ಇಷ್ಟು ಕಲಿತೆ. ಆದ್ರೆ... ನೀವು ಅತ್ತರೆ?"

"ಓಡಿ ಬರಬೇಕು. ಆ ನಿಯಮ ನಾಯಿಮರಿಗೆ ಮಾತ್ರ."